ಅಸಲು 20 ಸಾವಿರ, ಬಾಕಿ 1 ಲಕ್ಷ 20 ಸಾವಿರ!



ರೋಮಿನ ಚರಿತ್ರೆ ಎಂದರೆ ಹೈಸ್ಕೂಲಿನಲ್ಲಿ ನಮಗೆ ಉರು ಹೊಡೆಸಿದ್ದು ಸೀಸರ್ ಯಾವಾಗ ಸತ್ತ, ಕೊಂದವರು ಯಾರು ಎಂಬಷ್ಟೇ. ಅದೇ ರೋಮು ಪೂರ್ವ ದಿಕ್ಕಿನ ಒಬ್ಬ ರಾಜನ ಮೇಲೆ ಕ್ರಿ.ಪೂ. 89ರಿಂದ 63ರೊಳಗೆ ಮೂರು ಸಲ ಯುದ್ಧ ಮಾಡಿತು. ಆ ರಾಜ ಆರನೆಯ ಮಿಥ್ರಿಡೇಟಿಸ್. ಕಪ್ಪು ಸಮುದ್ರದ ದಕ್ಷಿಣ ದಂಡೆಯ ಪಾಂಟಸ್, ಅಂದರೆ ಈಗಿನ ಟರ್ಕಿಯ ಉತ್ತರದ ಸೀಮೆ, ಅವನ ರಾಜ್ಯ. ದಿನಾ ಚೂರು ಚೂರು ವಿಷ ತಿಂದು ಅರಗಿಸಿಕೊಂಡ ರಾಜ ಅಂತ ಅವನ ಕಥೆಯನ್ನು ಚಪ್ಪರಿಸುವವರು ಬಹಳ. ಅದು ಹಾಗಿರಲಿ. ನಾವು ನೋಡಬೇಕಾದ್ದು ಆ ಯುದ್ಧದ ಸಾಲದ ಲೆಕ್ಕ.

ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿ ಪೆರ್ಗಮಮ್ ಎಂಬ ರಾಜ್ಯವಿತ್ತು. ಕ್ರಿ.ಪೂ. 133ರಲ್ಲಿ ಅದರ ರಾಜ ಸಾಯುವಾಗ ರಾಜ್ಯವನ್ನೇ ರೋಮಿಗೆ ಉಯಿಲು ಬರೆದಿಟ್ಟ. ರೋಮಿನವರು ಅದಕ್ಕೆ ಏಷ್ಯಾ ಪ್ರಾಂತ್ಯ ಅಂತ ಹೆಸರಿಟ್ಟರು. ಹತ್ತು ವರ್ಷದ ಮೇಲೆ ಒಂದು ಕಾನೂನು ಬಂತು. ಆ ಪ್ರಾಂತ್ಯದ ಬೆಳೆಯಲ್ಲಿ ಹತ್ತನೆಯ ಒಂದು ಪಾಲು ಎತ್ತುವ ಹಕ್ಕನ್ನು ರೋಮ್ ನಗರದಲ್ಲೇ ಐದೈದು ವರ್ಷಕ್ಕೆ ಹರಾಜು ಹಾಕುವುದು! ಬೆಳೆ ಎಲ್ಲಿ, ಹರಾಜು ಎಲ್ಲಿ ನೋಡಿ. ಸವಾಲು ಕೂಗಿದ ಗುತ್ತಿಗೆದಾರ ಸರ್ಕಾರಕ್ಕೆ ಗೊತ್ತಾದ ಮೊತ್ತ ಕಟ್ಟಿ, ಹಳ್ಳಿಯಿಂದ ಕಿತ್ತಷ್ಟೂ ಕಿತ್ತುಕೊಳ್ಳಬಹುದು. ಕಟ್ಟಲಾರದ ಊರಿಗೆ ಸಾಲ ಕೊಡುವವನೂ ಅದೇ ಗುಂಪಿನವನೇ.

ತಡೆಯಲು ಹೋದವನ ಗತಿ ಏನಾಯಿತು? ರುಟಿಲಿಯಸ್ ರೂಫಸ್ ಎಂಬ ಅಧಿಕಾರಿ ಆ ಪ್ರಾಂತ್ಯದಲ್ಲಿದ್ದಾಗ ಗುತ್ತಿಗೆದಾರರ ಕೈ ಕಟ್ಟಿದ. ಕ್ರಿ.ಪೂ. 92ರ ಹೊತ್ತಿಗೆ ರೋಮಿನಲ್ಲಿ ಅವನ ಮೇಲೇ ಸುಲಿಗೆಯ ಮೊಕದ್ದಮೆ ಬಿತ್ತು. ತೀರ್ಪು ಕೊಡಲು ಕೂತವರು ಗುತ್ತಿಗೆದಾರರ ವರ್ಗದವರೇ, ಇನ್ನೇನು ಆದೀತು? ಶಿಕ್ಷೆಯಾಯಿತು. ದೇಶ ಬಿಟ್ಟ ಆ ಪುಣ್ಯಾತ್ಮ ಹೋಗಿ ನೆಲೆಸಿದ್ದು ತಾನು ಸುಲಿದೆನೆಂದು ಆರೋಪ ಹೊತ್ತ ಪ್ರಾಂತ್ಯದಲ್ಲೇ! ಅಲ್ಲಿಯ ಜನ ಅವನನ್ನು ಆದರದಿಂದ ಬರಮಾಡಿಕೊಂಡರು.

ಇನ್ನು ಯುದ್ಧ ಹುಟ್ಟಿದ್ದೂ ಸಾಲದಿಂದಲೇ. ಪಕ್ಕದ ಬಿಥೀನಿಯಾದ ರಾಜ ನಿಕೊಮೀಡಿಸನನ್ನು ರೋಮಿನವರು ಗದ್ದುಗೆಗೆ ಕೂಡಿಸಿದ್ದರು. ಆ ಉಪಕಾರಕ್ಕೆ ರೋಮಿನ ದಳಪತಿಗಳಿಗೆ ಕೊಡಬೇಕಾದ ಹಣ, ಅವರ ಜೊತೆ ಬಂದ ಸಾಹುಕಾರರಿಂದ ತಂದ ಸಾಲ, ಎರಡೂ ಅವನ ತಲೆಯ ಮೇಲಿತ್ತು. ಪಾಂಟಸ್ ಮೇಲೆ ನುಗ್ಗಿ ಲೂಟಿ ಮಾಡಿ ತೀರಿಸು ಅಂತ ಒತ್ತಾಯ ಮಾಡಿದರು. ಅವನು ನುಗ್ಗಿದ. ಮಿಥ್ರಿಡೇಟಿಸ್ ತಿರುಗಿ ಬಿದ್ದು ಇಡೀ ಪ್ರಾಂತ್ಯವನ್ನೇ ನುಂಗಿದ. ಕ್ರಿ.ಪೂ. 88ರಲ್ಲಿ ಅವನ ಗುಪ್ತ ಆಜ್ಞೆಯ ಮೇರೆಗೆ ಅಲ್ಲಿದ್ದ ರೋಮಿನವರನ್ನೂ ಇಟಲಿಯವರನ್ನೂ ಕೊಂದರು. ಹಳೆಯ ಲೇಖಕರು ಹೇಳುವ ಲೆಕ್ಕ 80,000, ಇನ್ನೂ ಹೆಚ್ಚು ಹೇಳಿದವರೂ ಉಂಟು. ಸಾಲ ಕೊಟ್ಟವನನ್ನು ಕೊಂದವನಿಗೆ ಅರ್ಧ ಸಾಲ ಮಾಫಿ ಎಂದು ಸಾರಿದ್ದರು. ಇದನ್ನು ಓದಿ ಭಲೇ ಅನ್ನಬೇಡಿ. ಸತ್ತವರಲ್ಲಿ ಬಡ್ಡಿಯ ಮುಖ ನೋಡದ ಹೆಂಗಸರು ಮಕ್ಕಳು ಎಷ್ಟೋ ಮಂದಿ. ಮುಂದೆ ಸೋಲು ಹತ್ತಿರ ಬಂದಾಗ ಅದೇ ರಾಜ ಕಿಯೋಸ್ ದ್ವೀಪದ ಜನರನ್ನು ಬುಡಸಹಿತ ಕಿತ್ತು ಹಡಗಿಗೆ ತುಂಬಿಸಿದ. ಅವನೇನು ನಮ್ಮ ನಂಟನಲ್ಲ.

ಆಮೇಲೆ ರೋಮಿನ ಸುಲ್ಲ ಬಂದ. ಕ್ರಿ.ಪೂ. 85ರಲ್ಲಿ ರಾಜನ ಜೊತೆ ಸಂಧಿ ಮಾಡಿಕೊಂಡು ಅವನನ್ನು ಅವನ ರಾಜ್ಯಕ್ಕೆ ಕಳಿಸಿದ. ದಂಡ ಬಿದ್ದದ್ದು ಪ್ರಜೆಗಳ ಮೇಲೆ! ಐದು ವರ್ಷದ ಕಂದಾಯ ಒಟ್ಟಿಗೆ, ಮೇಲೆ ಯುದ್ಧದ ಖರ್ಚು, ಒಟ್ಟು 20,000 ಟ್ಯಾಲೆಂಟು. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿ. ಇಷ್ಟು ಸಾಲದೆಂದು ಸಿಪಾಯಿಗಳನ್ನು ಮನೆ ಮನೆಗೆ ಬಿಟ್ಟ. ಸಿಪಾಯಿಗೆ ದಿನಕ್ಕೆ 16 ದ್ರಾಖ್ಮ ಕೊಡಬೇಕು, ಅವನಿಗೂ ಅವನು ಕರೆತಂದ ಸ್ನೇಹಿತರಿಗೂ ಊಟ ಹಾಕಬೇಕು. ಊರುಗಳು ನಾಟಕಶಾಲೆ, ಕೋಟೆಗೋಡೆ, ಬಂದರುಗಳನ್ನು ಒತ್ತೆ ಇಟ್ಟವು. ಜನ ಗುಡಿಯ ಕಾಣಿಕೆಗಳನ್ನು, ಕೊನೆಗೆ ಹೆತ್ತ ಮಕ್ಕಳನ್ನೂ ಮಾರಿದರು. ಇಷ್ಟರಲ್ಲಿ ತೆತ್ತದ್ದು ಅಸಲಿನ ಎರಡರಷ್ಟು. ಚಕ್ರಬಡ್ಡಿ ಸೇರಿಸಿ ಸಾಹುಕಾರರು ತೋರಿಸಿದ ಬಾಕಿ ಎಷ್ಟು ಗೊತ್ತೇ? 1,20,000 ಟ್ಯಾಲೆಂಟು!

ಮೂರನೆಯ ಯುದ್ಧದ ದಂಡನಾಯಕ ಲುಕುಲ್ಲಸ್. ಮಿಥ್ರಿಡೇಟಿಸನನ್ನು ಪಾಂಟಸಿನಿಂದ ಓಡಿಸಿದ ಮೇಲೆ, ಕ್ರಿ.ಪೂ. 71-70ರ ಸುಮಾರಿಗೆ, ಅವನು ಸಾಲದ ಲೆಕ್ಕ ತೆಗೆಸಿದ. ತಿಂಗಳಿಗೆ ನೂರಕ್ಕೆ ಒಂದರ ಮೇಲೆ ಬಡ್ಡಿ ಕೂಡದು. ಅಸಲನ್ನು ಮೀರಿದ ಬಡ್ಡಿ ರದ್ದು. ಸಾಲಗಾರನ ವರಮಾನದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮುಟ್ಟಬಾರದು. ಬಡ್ಡಿಯನ್ನು ಅಸಲಿಗೆ ಸೇರಿಸಿದವನಿಗೆ ಅಸಲೂ ಇಲ್ಲ, ಬಡ್ಡಿಯೂ ಇಲ್ಲ! ನಮ್ಮ ಧರ್ಮಶಾಸ್ತ್ರದ ದಾಮ್‌ದುಪ್ಪಟ್ ನಿಯಮವೂ ಬಡ್ಡಿ ಅಸಲನ್ನು ಮೀರಬಾರದು ಎಂದೇ ಹೇಳುತ್ತದೆ. ನಾಲ್ಕು ವರ್ಷ ತುಂಬುವ ಮೊದಲೇ ಸಾಲವೆಲ್ಲ ತೀರಿ ಒತ್ತೆ ಬಿದ್ದ ಆಸ್ತಿ ಒಡೆಯರ ಕೈಗೆ ಬಂತು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಕೊಡುವ ಮನಸ್ಸಿಲ್ಲದ ಜನ ಆಗಿದ್ದರೆ ತೀರುತ್ತಿತ್ತೇ? ಲುಕುಲ್ಲಸ್ ಸಂತನೇನಲ್ಲ. ಲೂಟಿಯ ಹಣದಲ್ಲಿ ತೋಟ, ಔತಣ ಅಂತ ಮೆರೆದವನು. ಚೆರ್ರಿ ಗಿಡವನ್ನು ಇಟಲಿಗೆ ತಂದವನೂ ಇವನೇ ಅಂತ ಹೇಳುತ್ತಾರೆ. ಆದರೆ ಕ್ರಿ.ಪೂ. 69ರಲ್ಲಿ ಟೈಗ್ರನೊಸರ್ಟದಲ್ಲಿ ಅವನು ಗೆದ್ದ ದೊಡ್ಡ ಕಾಳಗಕ್ಕಿಂತ ಈ ನಾಲ್ಕು ಸಾಲಿನ ಕಾನೂನೇ ದೊಡ್ಡದು ಅಂತ ನನ್ನ ಮಾತು.

ಸಾಹುಕಾರರು ಸುಮ್ಮನಿರುತ್ತಾರೆಯೇ? ರೋಮಿನಲ್ಲಿ ಅವರಿಗೆ ಸಾಲಗಾರರಾಗಿದ್ದ ರಾಜಕಾರಣಿಗಳು ಬೇಕಾದಷ್ಟಿದ್ದರು. ಅವರನ್ನು ಎತ್ತಿಕಟ್ಟಿದರು. ಲುಕುಲ್ಲಸನ ಸಿಪಾಯಿಗಳೂ ಬೇಸತ್ತು ಮಾತು ಕೇಳದಾದರು. ಅಧಿಕಾರ ಒಂದೊಂದಾಗಿ ಕೈಬಿಟ್ಟಿತು. ಕ್ರಿ.ಪೂ. 66ರಲ್ಲಿ ದಂಡನಾಯಕತನ ಪಾಂಪಿಗೆ ಹೋಯಿತು. ಅವನ ಪರ ಭಾಷಣ ಮಾಡಿದ ಸಿಸೆರೋ ಹೇಳಿದ್ದೇನು? ಏಷ್ಯಾದಲ್ಲಿ ಗುತ್ತಿಗೆದಾರರ ಹಣ ಮುಳುಗಿದರೆ ರೋಮಿನ ಪೇಟೆಯ ನಂಬಿಕೆಯೂ ಮುಳುಗುತ್ತದೆ ಅಂತ. ಮುಳುಗಿ ಹೋಗಿದ್ದ ಬೇಸಾಯಗಾರನ ಲೆಕ್ಕ ಯಾರಿಗೂ ಬೇಡ. ಮಿಥ್ರಿಡೇಟಿಸ್ ಕ್ರಿ.ಪೂ. 63ರಲ್ಲಿ ಕ್ರಿಮಿಯಾದಲ್ಲಿ, ಮಗನೇ ತಿರುಗಿಬಿದ್ದ ಮೇಲೆ ಸತ್ತ. ವಿಜಯದ ಮೆರವಣಿಗೆ ಪಾಂಪಿಯದು.

ನೂರಕ್ಕೆ ಹನ್ನೆರಡರ ನಿಯಮ ಕಾಗದದಲ್ಲಿ ಉಳಿಯಿತು. ಕ್ರಿ.ಪೂ. 51ರಲ್ಲಿ ಅದೇ ಸಿಸೆರೋ ರಾಜ್ಯಪಾಲನಾಗಿ ಬಂದು ತಾನೂ ಅದನ್ನೇ ಸಾರಿದ. ಅವನ ಕೈಕೆಳಗಿದ್ದ ಸೈಪ್ರಸ್ ದ್ವೀಪದ ಸಲಾಮಿಸ್ ಊರಿಗೆ ಕೊಟ್ಟಿದ್ದ ಸಾಲಕ್ಕೆ ನೂರಕ್ಕೆ 48 ಬಡ್ಡಿ ಕೇಳುತ್ತಿದ್ದರು. ವಸೂಲಿಗಾರ ಹಿಂದೆ ಕುದುರೆ ದಂಡು ತಂದು ಊರಿನ ಹಿರಿಯರನ್ನು ಸಭಾಭವನದಲ್ಲೇ ಮುತ್ತಿದಾಗ ಐವರು ಹಸಿವಿನಿಂದ ಸತ್ತಿದ್ದರು. ಸಾಲದ ಹಿಂದಿದ್ದ ಧಣಿ ನಮ್ಮ ಪಾಠದ ಬ್ರೂಟಸ್! ಸಿಸೆರೋ ದಂಡನ್ನೇನೋ ವಾಪಸು ಕರೆಸಿದ. ಹನ್ನೆರಡರ ಲೆಕ್ಕದಲ್ಲಿ ಕಟ್ಟಲು ಊರವರು ತಯಾರಾಗಿದ್ದರು. ತೆಗೆದುಕೊಳ್ಳದಿದ್ದರೆ ದೇವಸ್ಥಾನದಲ್ಲಾದರೂ ಇಡುತ್ತೇವೆ, ಬಡ್ಡಿ ಬೆಳೆಯುವುದು ನಿಲ್ಲಲಿ ಎಂದು ಬೇಡಿಕೊಂಡರು. ಬ್ರೂಟಸನ ಮುಲಾಜಿಗೆ ಸಿಸೆರೋ ಅದನ್ನೂ ಒಪ್ಪದೆ, ತೀರ್ಮಾನ ಮಾಡದೆ ಊರು ಬಿಟ್ಟ.