ಗೊಮ್ಮಟನನ್ನು ಸಾಲಿಡ್ ಮಾಡಬೇಡಿ ಮಾರಾಯ್ರೆ

ಮಿನಿ ಪ್ರಾಜೆಕ್ಟ್ ಸೀಸನ್ ಬಂತು. ಈ ಸಲವೂ ಅರ್ಧ ಕ್ಲಾಸು ಮೊಬೈಲಲ್ಲಿ ಏನನ್ನಾದ್ರೂ ಸ್ಕ್ಯಾನ್ ಮಾಡಿ, ಇಲ್ಲಾ ನೆಟ್‌ನಿಂದ ಒಂದು ಎಸ್‌ಟಿಎಲ್ ಫೈಲ್ ಇಳಿಸಿ, ಫ್ಯೂಷನ್‌ಗೋ ಫ್ರೀಕ್ಯಾಡ್‌ಗೋ ಹಾಕಿ, ‘ಕನ್ವರ್ಟ್’ ಒತ್ತಿ ಚಾ ಕುಡಿಯೋಕೆ ಹೋಗ್ತದೆ. ವಾಪಸ್ ಬಂದಾಗ ಲ್ಯಾಪ್‌ಟಾಪ್ ಹ್ಯಾಂಗ್. ಬೈಗುಳ ಎಲ್ಲ ಸಾಫ್ಟ್‌ವೇರಿಗೆ. ಪಾಪ, ಅದೇನು ಮಾಡೀತು?

ಎಸ್‌ಟಿಎಲ್ ಒಳಗೆ ಎಂತ ಉಂಟು? ಬರೀ ತ್ರಿಕೋನಗಳು. ಒಂದೊಂದಕ್ಕೂ ಮೂರು ಮೂಲೆ, ಮುಖ ಯಾವ ಕಡೆಗೆ ಅಂತ ಒಂದು ದಿಕ್ಕು. ಬೈನರಿ ಫೈಲಲ್ಲಿ ಒಂದು ತ್ರಿಕೋನಕ್ಕೆ 50 ಬೈಟ್, ಹಾಗಾಗಿ 10 ಲಕ್ಷ ತ್ರಿಕೋನ ಅಂದ್ರೂ ಸುಮಾರು 50 ಎಂಬಿ. ಅದನ್ನೇ ಸಾಲಿಡ್ ಮಾಡಿದ್ರೆ ಪ್ರತಿ ತ್ರಿಕೋನವೂ ಒಂದು ಬೇರೆ ಫೇಸ್, ಅದರ ಅಂಚುಗಳು, ಅದರ ಲೆಕ್ಕ. ಹ್ಯಾಂಗ್ ಆಗದೆ ಇನ್ನೇನು? ಯೂನಿಟ್ ಕೂಡ ಫೈಲಲ್ಲಿ ಇರೋದಿಲ್ಲ. ಮಿಲಿಮೀಟರೋ ಇಂಚೋ ನಾವೇ ಹೇಳ್ಬೇಕು, ತಪ್ಪಿದ್ರೆ 25.4 ಪಟ್ಟು ವ್ಯತ್ಯಾಸ.

ಮೆಶ್ ಹೇಳೋದು ವಸ್ತುವಿನ ಮೈ ಎಲ್ಲೆಲ್ಲಿ ಉಂಟು ಅಂತ ಮಾತ್ರ. ಅದನ್ನು ಯಾವ ನಿಯಮದಲ್ಲಿ ಮಾಡಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ಇದು ಅರ್ಥ ಆಗ್ಬೇಕಾದ್ರೆ ಕಾರ್ಕಳಕ್ಕೆ ಹೋಗಿ. ಒಂದು ಬೆಟ್ಟದಲ್ಲಿ 1432ರ ಗೊಮ್ಮಟ, 42 ಅಡಿಯ ಏಕಶಿಲೆ. ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ. ಎರಡನ್ನೂ ಸುತ್ತಲಿಂದ ಫೋಟೋ ಹೊಡೆದು ಮೆಶ್ ಮಾಡಿದ್ರೆ ಕಂಪ್ಯೂಟರಿಗೆ ಎರಡೂ ತ್ರಿಕೋನಗಳ ರಾಶಿಯೇ. ಆದ್ರೆ ಬಸದಿ ಕಟ್ಟಿದವರ ತಲೆಯಲ್ಲಿ ನಿಯಮ ಇತ್ತು: ನಾಲ್ಕು ದಿಕ್ಕಿಗೂ ಒಂದೇ ಥರದ ಮುಖ. ಹಾಗಾಗಿ ಮೆಶ್ಶನ್ನು ಕೆಳಗೆ ಅಳತೆಗೆ ಇಟ್ಕೊಂಡು, ಒಂದು ಮುಖ ಮಾತ್ರ ಹೊಸದಾಗಿ ಸ್ಕೆಚ್ ಮಾಡಿ, ಸರ್ಕ್ಯುಲರ್ ಪ್ಯಾಟರ್ನ್‌ಗೆ 4 ಅಂತ ಕೊಡಿ. ಸಣ್ಣಪುಟ್ಟ ವ್ಯತ್ಯಾಸ ಆಮೇಲೆ ಸೇರಿಸಬಹುದು. ಕಾಪುವಿನ ಲೈಟ್‌ಹೌಸ್ ಇನ್ನೂ ಸುಲಭ. 1901ರ ಆ ಗೋಪುರಕ್ಕೆ ಒಂದು ಪ್ರೊಫೈಲ್ ಗೆರೆ, ಒಂದು ಆಕ್ಸಿಸ್, ರಿವಾಲ್ವ್. ಬಂಡೆ ಬೇಕಾದ್ರೆ ಮೆಶ್ಶಲ್ಲೇ ಇರಲಿ.

ಗೊಮ್ಮಟನದ್ದು ಬೇರೆ ಕಥೆ. ಆ ಮುಖಕ್ಕೆ, ಕೈಕಾಲಿಗೆ ಹಬ್ಬಿದ ಬಳ್ಳಿಗೆ ಯಾವ ಡೈಮೆನ್ಷನ್ ಕೊಡ್ತೀರಿ? ಅವನು ಮೆಶ್ ಆಗಿಯೇ ಇರಲಿ. ಪ್ರಿಂಟ್ ತೆಗೀಬೇಕಾ, ತೂತುಗಳನ್ನು ಮುಚ್ಚಿ ಸೀದಾ ಸ್ಲೈಸರಿಗೆ ಕೊಡಿ. ಸ್ಟ್ಯಾಂಡ್ ಬೇಕಾ, ಸ್ಟ್ಯಾಂಡ್ ಒಂದನ್ನೇ ಸಾಲಿಡ್ ಮಾಡಿ.

ಮಣಿಪಾಲದಂಥ ಆಸ್ಪತ್ರೆಯ ಊರಲ್ಲಿ ಕೂತು ಇದನ್ನು ಆಟ ಅಂದ್ಕೊಳ್ಳೋಕಾಗಲ್ಲ. ಸಿಟಿ ಸ್ಕ್ಯಾನ್‌ನಿಂದ ತೆಗೆದ ದವಡೆಯ ಮಾಡೆಲೂ ಮೆಶ್ಶೇ. ದವಡೆ ಗೊಮ್ಮಟನ ಜಾತಿ, ಅದಕ್ಕೆ ಹಾಕುವ ಪ್ಲೇಟು, ಸ್ಕ್ರೂ ತೂತು ಬಸದಿಯ ಜಾತಿ. ಫೈಲ್ ಹಗುರ ಆಗ್ಲಿ ಅಂತ ತ್ರಿಕೋನ ಕಡಿಮೆ ಮಾಡುವಾಗ ಪ್ಲೇಟ್ ಕೂರುವ ಜಾಗಕ್ಕೂ ಕತ್ತರಿ ಹಾಕಿದ್ರೆ, ಸ್ಕ್ರೀನಲ್ಲಿ ಚಂದ ಕೂತದ್ದು ಎಲುಬಿನ ಮೇಲೆ ಕೂರೋದಿಲ್ಲ.

ಲ್ಯಾಬಲ್ಲಿ ನಮಗೆ ಸಿಗೋದೆಲ್ಲ ಡೈಮೆನ್ಷನ್ ಬರೆದಿಟ್ಟ ಡ್ರಾಯಿಂಗ್. ಹೊರಗೆ ಯಾರೂ ಹಾಗೆ ಬರೆದು ಕೊಡೋದಿಲ್ಲ. ಒಂದು ಎಕ್ಸ್‌ಪೆರಿಮೆಂಟ್ ಆದ್ರೂ ಸ್ಕ್ಯಾನಿಂದ ಶುರುವಾಗ್ಲಿ. ತುಂಡಾದ ಒಂದು ಮಿಕ್ಸಿ ಕಪ್ಲರ್ ಕೊಡಿ. ಯಾವುದನ್ನು ಮೆಶ್ ಆಗಿ ಬಿಟ್ಟೆ, ಯಾವುದನ್ನು ತಿರುಗಿ ಬರೆದೆ, ಯಾಕೆ ಅಂತ ವೈವಾದಲ್ಲಿ ಕೇಳಿ, ಅರ್ಧ ಮಾರ್ಕು ಅದಕ್ಕೇ ಇಡಿ. ತುಂಡಾದ ಕಪ್ಲರ್‌ಗೆ ನಮ್ಮ ಹಾಸ್ಟೆಲ್ ಮೆಸ್ಸಲ್ಲಿ ಬರ ಇಲ್ಲ.