ಮನೆದಾರಿಗೆ ಗಂಟೆ: ಯಂತ್ರ ಕೊಳ್ಳುವ ಮೊದಲು ಮೂರು ಪ್ರಶ್ನೆ

ನಮ್ಮ ಕರಾವಳಿ, ಮಲೆನಾಡಿನ ಮನೆಗಳು ಬಯಲುಸೀಮೆಯ ಊರುಗಳ ಹಾಗೆ ಒಂದಕ್ಕೊಂದು ತಾಗಿಕೊಂಡಿಲ್ಲ. ಅವರವರ ತೋಟದಲ್ಲಿ ಅವರವರ ಮನೆ. ಡಾಮರು ರಸ್ತೆಯಿಂದ ಅಂಗಳಕ್ಕೆ 200 ಮೀಟರೋ, ಅರ್ಧ ಕಿಲೋಮೀಟರೋ ಮಣ್ಣಿನ ದಾರಿ. ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ಅರುವತ್ತು ದಾಟಿದ ಇಬ್ಬರು. ಅಂಗಳದಲ್ಲಿ ಸುಮಾರು 40 ದಿನ ಬಿಸಿಲು ಕಾಣಬೇಕಾದ ಅಡಿಕೆ. 2021ರಲ್ಲಿ ಹಳೆ ಚಾಲಿ ಕಿಲೋಗೆ 500 ರೂಪಾಯಿ ಮುಟ್ಟಿತು. ಆ ಲೆಕ್ಕದಲ್ಲಿ 50 ಕಿಲೋದ ಒಂದು ಚೀಲ ಎಂದರೆ 25,000 ರೂಪಾಯಿ. ಬೈಕಿನ ಹಿಂದೆ ಕಟ್ಟಿಕೊಂಡು ಹೋದರೂ ಆಯಿತು.

ಹಾಗಾಗಿ ಈಗ ನಮ್ಮವರ ಮಾತುಕತೆಯಲ್ಲಿ ಹೊಸದೊಂದು ವಿಷಯ ಸೇರಿದೆ - ದಾರಿಯಲ್ಲಿ ಯಾರಾದರೂ ಬಂದರೆ ಮನೆಯೊಳಗೆ ಗಂಟೆ ಹೊಡೆಯುವ ಯಂತ್ರ. ಅಮೆರಿಕದ ಹಳ್ಳಿಮನೆಗಳಲ್ಲಿ ಇದು ಹಳೆಯ ಸಂಗತಿ. ಅಲ್ಲಿ ಇದಕ್ಕೆ ಡ್ರೈವ್‌ವೇ ಅಲಾರ್ಮ್ ಅಂತ ಹೆಸರು. ನಮ್ಮಲ್ಲೂ ಬಗೆಬಗೆಯವು ಸಿಗುತ್ತವೆ. "ಯಾವುದು ಒಳ್ಳೇದು ಮಾರಾಯ್ರೇ?" ಎಂದು ಕೇಳುವವರು ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ್ದು ಆ ಪ್ರಶ್ನೆ ಅಲ್ಲ. ಗಂಟೆ ಕಳ್ಳನನ್ನು ಹಿಡಿಯುವುದಿಲ್ಲ, ಸುದ್ದಿ ಕೊಡುತ್ತದೆ ಅಷ್ಟೆ. ಸುದ್ದಿ ಕೇಳಿದವನು ಏನು ಮಾಡುತ್ತಾನೆ ಎನ್ನುವುದು ತೀರ್ಮಾನವಾಗದೆ ಎಷ್ಟು ಬೆಲೆಯ ಯಂತ್ರ ತಂದರೂ ದಂಡ.

ಮೊದಲನೇ ಪ್ರಶ್ನೆ: ಯಾರು ಬಂದರೆ ನಮಗೆ ಗೊತ್ತಾಗಬೇಕು? ವಾಹನವೇ, ಮನುಷ್ಯನೇ, ದನವೇ? ಇದಕ್ಕೆ ತಕ್ಕಂತೆ ಯಂತ್ರ ಬೇರೆ.

ದಾರಿಯ ಬದಿ ಮಣ್ಣಿನಲ್ಲಿ ಹೂಳುವ ಒಂದು ಬಗೆ ಉಂಟು. ಕಬ್ಬಿಣದ ದೊಡ್ಡ ವಸ್ತು ಹತ್ತಿರ ಹಾದುಹೋದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಆಗುವ ಸಣ್ಣ ಏರುಪೇರನ್ನು ಅದು ಗುರುತಿಸುತ್ತದೆ. ಜೀಪು, ಪಿಕಪ್ ಬಂದರೆ ಸರಿಯಾಗಿ ಹೇಳುತ್ತದೆ. ನಾಯಿ, ನವಿಲು, ಅಲುಗಾಡುವ ಸೋಗೆ ಯಾವುದಕ್ಕೂ ಮೋಸ ಹೋಗುವುದಿಲ್ಲ. ಆದರೆ ನಡೆದು ಬರುವ ಮನುಷ್ಯ ಅದರ ಲೆಕ್ಕಕ್ಕೇ ಇಲ್ಲ. ಬೈಕಿನಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ತೀರಾ ಹತ್ತಿರ ಹಾದರೆ ಮಾತ್ರ ಗೊತ್ತಾದೀತು.

ಎರಡನೆಯದು, ಶಾಖ ನೋಡುವ ಸೆನ್ಸರು. ಅತಿ ಅಗ್ಗ, ಎಲ್ಲೆಡೆ ಸಿಗುವಂಥದ್ದು. ಎದುರಿನ ಜಾಗಕ್ಕಿಂತ ಬೇರೆ ಶಾಖದ ವಸ್ತು ಚಲಿಸಿದರೆ ಇದಕ್ಕೆ ತಿಳಿಯುತ್ತದೆ. ಸಾಮಾನ್ಯವಾಗಿ 8-10 ಮೀಟರು ದೂರದವರೆಗೆ. ನೇರ ಎದುರಿಗೆ ಬರುವವನಿಗಿಂತ ಅಡ್ಡ ಹಾಯುವವನನ್ನು ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ದಾರಿಗೆ ಮುಖ ಮಾಡಿ ಇಡುವುದಲ್ಲ, ಅಡ್ಡಲಾಗಿ ಇಡಬೇಕು. ಏಪ್ರಿಲ್ ಮಧ್ಯಾಹ್ನ ಗಾಳಿಯ ಬಿಸಿಯೂ ಮೈಬಿಸಿಯೂ ಹೆಚ್ಚುಕಡಿಮೆ ಒಂದೇ ಆದಾಗ ಇದು ಮಂಕಾಗುತ್ತದೆ. ನಾಯಿ, ಮಂಗ, ಬಿಸಿಲಿಗೆ ಕಾದ ಬಾಳೆಎಲೆ ಗಾಳಿಗೆ ಆಡಿದ್ದು - ಎಲ್ಲಕ್ಕೂ ಬೊಬ್ಬೆ ಹೊಡೆಯುತ್ತದೆ. ಒಳಗೆ ಇರುವೆ, ಜೇಡ ಸೇರಿಕೊಂಡರೂ ಅಷ್ಟೆ.

ಮೂರನೆಯದು ಕಣ್ಣಿಗೆ ಕಾಣದ ಬೆಳಕಿನ ಗೆರೆ. ದಾರಿಯ ಆಚೆ ಈಚೆ ಎರಡು ಕಂಬ. ನಡುವಿನ ಗೆರೆ ಕಡಿದರೆ ಗಂಟೆ. ಮೇಲೆ ಕೆಳಗೆ ಎರಡು ಗೆರೆ ಇದ್ದು, ಎರಡೂ ಒಟ್ಟಿಗೆ ಕಡಿದರೆ ಮಾತ್ರ ಹೊಡೆಯುವಂಥದ್ದು ವಾಸಿ. ಉದುರುವ ಎಲೆ, ಹಾರುವ ಹಕ್ಕಿಗೆ ಅದು ಸುಮ್ಮನಿರುತ್ತದೆ. ಆದರೆ ಕಂಬ ಸ್ವಲ್ಪ ವಾಲಿದರೂ ಗೆರೆ ತಪ್ಪುತ್ತದೆ. ನಮ್ಮ ಜುಲೈ ತಿಂಗಳ ಮಳೆ, ಮಂಜಿಗೂ ಅದು ಗೆಲ್ಲಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಸರಳ. ಗೇಟಿಗೆ ಒಂದು ಅಯಸ್ಕಾಂತ, ಕಂಬಕ್ಕೆ ಒಂದು ರೀಡ್ ಸ್ವಿಚ್ಚು. ಗೇಟು ತೆರೆದರೆ ಮನೆಯಲ್ಲಿ ಗಂಟೆ.

ಎರಡನೇ ಪ್ರಶ್ನೆ: ಸುಳ್ಳು ಗಂಟೆ ದಿನಕ್ಕೆ ಎಷ್ಟು ಸಲ? ಮಾರುವವರು ಇದನ್ನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ದಿನಕ್ಕೆ ಹತ್ತು ಸಲ ಮಂಗನಿಗೆ ಬಡಿದುಕೊಳ್ಳುವ ಗಂಟೆಗೆ ವಾರದೊಳಗೆ ನಮ್ಮ ಕಿವಿ ಕಿವುಡಾಗುತ್ತದೆ. ಎರಡನೇ ವಾರ ಯಾರೋ ಅದರ ಪಿನ್ನು ಕೀಳುತ್ತಾರೆ. ಕಳ್ಳ ಬರುವುದು ಮೂರನೇ ವಾರ. ಸುಮ್ಮಸುಮ್ಮನೆ ಬೊಗಳುವ ನಾಯಿಯನ್ನು ನಾವು ನಂಬುತ್ತೇವೆಯೇ? ಇದೂ ಹಾಗೆಯೇ. ನೂರು ಸಲ ಹೊಡೆಯುವುದಕ್ಕಿಂತ ನಂಬಿಕೆಯಿಂದ ಮೂರು ಸಲ ಹೊಡೆಯುವ ಯಂತ್ರ ಮೇಲು.

ಮೂರನೇ ಪ್ರಶ್ನೆ: ಗಂಟೆ ಕೇಳಿದವನು ಏನು ಮಾಡಬೇಕು? ಇಲ್ಲಿ ತಮಿಳುನಾಡಿನ ವಾಲ್ಪಾರೈಯ ಪಾಠ ನೆನೆಯಬೇಕು. ಅಲ್ಲಿನ ಚಹಾ ತೋಟಗಳಲ್ಲಿ ಆನೆಗೆ ಎದುರಾಗಿ ಸಾಯುವವರು ಇದ್ದರು. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯವರು 2011ರ ಹೊತ್ತಿಗೆ ಒಂದು ಏರ್ಪಾಡು ತಂದರು. ಆನೆ ಎಲ್ಲಿದೆ ಎಂದು ಸುತ್ತಲಿನವರ ಮೊಬೈಲಿಗೆ ಸಂದೇಶ. ಎತ್ತರದ ಜಾಗಗಳಲ್ಲಿ ಮೊಬೈಲಿನಿಂದಲೇ ಉರಿಸುವ ಕೆಂಪು ದೀಪ. ಇದರಲ್ಲಿ ಆನೆಯನ್ನು ತಡೆಯುವ ಯಂತ್ರ ಯಾವುದೂ ಇಲ್ಲ. ಕೆಂಪು ದೀಪ ಕಂಡರೆ ಆ ದಾರಿ ಬೇಡ, ಇಷ್ಟು ಎಲ್ಲರಿಗೂ ಗೊತ್ತಿತ್ತು. ಸುದ್ದಿಯೂ ಉತ್ತರವೂ ಒಟ್ಟಿಗೇ ಇದ್ದದ್ದರಿಂದ ಅದು ಫಲ ಕೊಟ್ಟಿತು.

ನಮ್ಮಲ್ಲಿ ಹೇಗೆ? ರಾತ್ರಿ ಎರಡು ಗಂಟೆಗೆ ಅಲಾರ್ಮು ಹೊಡೆಯಿತು ಅಂತಿಟ್ಟುಕೊಳ್ಳಿ. ಎಪ್ಪತ್ತರ ಅಜ್ಜ ಟಾರ್ಚು, ಕತ್ತಿ ಹಿಡಿದು ಕತ್ತಲೆಗೆ ಇಳಿಯುವುದೇ? ಖಂಡಿತ ಬೇಡ. ಹೋಗುವುದು ಚೀಲ ಅಡಿಕೆ, ಬರುವುದು ಪ್ರಾಣಕ್ಕೆ. ಬಾಗಿಲು ತೆರೆಯದೆ ಅಂಗಳದ ಎಲ್ಲ ದೀಪ ಹಾಕಬೇಕು. ಹತ್ತಿರದ ಎರಡು ಮೂರು ಮನೆಗೆ ಫೋನು. ಅಗತ್ಯ ಕಂಡರೆ 112. ಇಷ್ಟನ್ನು ನೆರೆಹೊರೆಯವರ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಬೇಕು. ಒಂದು ಸಂಜೆಯ ಚಹಾದ ಖರ್ಚು ಅಷ್ಟೆ. ಗಡಿ ತಕರಾರಿನಿಂದ ಮಾತು ಬಿಟ್ಟ ನೆರೆಮನೆ ಇದ್ದರೆ, ಹೊಸ ಯಂತ್ರಕ್ಕಿಂತ ಆ ಮಾತು ಸರಿಮಾಡಿಕೊಳ್ಳುವುದರಲ್ಲಿ ಹೆಚ್ಚು ಭದ್ರತೆ ಉಂಟು.

"ಕ್ಯಾಮೆರಾ ಹಾಕಿ, ನಾನು ಇಲ್ಲಿಂದಲೇ ನೋಡ್ತೇನೆ" ಎನ್ನುವುದು ಪೇಟೆಯ ಮಕ್ಕಳ ಸಲಹೆ. ಬೀಗ ಹಾಕಿದ ಮನೆಗೆ ಅದು ಬೇಕಾದೀತು, ಆಮೇಲೆ ದೂರು ಕೊಡಲಿಕ್ಕೂ ಆದೀತು. ಆದರೆ ನಡುರಾತ್ರಿ ಬೆಂಗಳೂರಿನಲ್ಲಿ ಕಂಡರೂ ಓಡಿ ಬರಬೇಕಾದವರು ಇಲ್ಲಿಯ ನೆರೆಯವರೇ. ಸಿಮ್ಮು ಹಾಕುವ ಯಂತ್ರ ಕೊಳ್ಳುವವರು ಒಂದು ಗಮನಿಸಿ. ಅಗ್ಗದವು ಹೆಚ್ಚಿನವು 2ಜಿಯಲ್ಲಿ ನಡೆಯುವಂಥವು. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ನಿಮ್ಮ ಗೇಟಿನ ಬುಡದಲ್ಲಿ ಯಾವ ನೆಟ್‌ವರ್ಕು ಸಿಗುತ್ತದೆ ಎಂದು ಮೊದಲು ನೋಡಿ. ತಂತಿಯಿಲ್ಲದ ಗಂಟೆಯ ಪೆಟ್ಟಿಗೆ ಮೇಲೆ ಬರೆದ ದೂರ ಬಟ್ಟಬಯಲಿನ ಲೆಕ್ಕ. ನಡುವೆ ಗುಡ್ಡ, ಒದ್ದೆ ತೋಟ ಇದ್ದರೆ ಅಷ್ಟು ಸಿಗದು.

ನನ್ನ ಮತ ಗೇಟಿನ ಸ್ವಿಚ್ಚಿಗೆ. ನಮ್ಮಲ್ಲಿ ಇರುವುದೂ ಅದೇ. ಮಾಡುವ ಕ್ರಮ ಹೀಗೆ. ಗಂಟೆ, 12 ವೋಲ್ಟಿನ ಬ್ಯಾಟರಿ, ರಿಲೇ ಎಲ್ಲ ಮನೆಯಲ್ಲೇ ಇರಲಿ. ಗೇಟಿಗೆ ಹೋಗುವುದು ಟೆಲಿಫೋನಿನ ಎರಡೆಳೆ ತಂತಿ ಮಾತ್ರ. ಅರ್ಧ ಮಿಲಿಮೀಟರಿನ ತಾಮ್ರದ ತಂತಿ 200 ಮೀಟರು ಹೋಗಿ ಬರುವಾಗ ಸುಮಾರು 35 ಓಮ್ ತಡೆ ಬರುತ್ತದೆ. ಗಂಟೆಯ ಕರೆಂಟನ್ನೇ ಅದರಲ್ಲಿ ಹರಿಸಿದರೆ ದಾರಿಯಲ್ಲೇ ಸೋರಿಹೋಗುತ್ತದೆ. ರಿಲೇಗೆ ಬೇಕಾದ್ದು 30 ಮಿಲಿಆಂಪಿಯರು, ಅದಕ್ಕೆ ತೊಂದರೆಯಿಲ್ಲ. ಗೇಟು ಮುಚ್ಚಿದಾಗ ಕರೆಂಟು ಹರಿಯುತ್ತಾ ಇದ್ದು, ತಪ್ಪಿದಾಗ ಗಂಟೆ ಹೊಡೆಯುವಂತೆ ಜೋಡಿಸಬೇಕು. ಆಗ ಹಂದಿ ಅಗೆದು ತಂತಿ ಕಡಿದರೂ, ಕಳ್ಳನೇ ಕತ್ತರಿಸಿದರೂ ಗಂಟೆ ಹೊಡೆದೇ ಹೊಡೆಯುತ್ತದೆ. 7 ಆಂಪಿಯರ್ ಅವರ್ ಬ್ಯಾಟರಿ ಚಾರ್ಜು ಇಲ್ಲದೆಯೂ ವಾರ ಕಳೆಸುತ್ತದೆ. ಮಳೆಗಾಲದ ಕರೆಂಟು ಗೊತ್ತಲ್ಲ!

ಗೇಟು ಮುಚ್ಚದೆ ಬಿಟ್ಟರೆ ಗಂಟೆ ನಿಲ್ಲುವುದಿಲ್ಲ. ಬಂದವರು ಗೇಟು ಮುಚ್ಚುವ ಅಭ್ಯಾಸ ಮಾಡಿಕೊಳ್ಳುತ್ತಾರೆ, ಬೀದಿ ದನವೂ ಹೊರಗೇ ಉಳಿಯುತ್ತದೆ. ಹಗಲು ಕೆಲಸದವರು ಓಡಾಡುವಾಗ ನಿಲ್ಲಿಸಲಿಕ್ಕೆ ಮನೆಯೊಳಗೆ ಒಂದು ಸ್ವಿಚ್ಚು ಇರಲಿ. ಇದರ ಕೊರತೆಯೂ ಉಂಟು. ಬೇಲಿ ಹಾರಿ ಬಂದವನು ಇದಕ್ಕೆ ಗೊತ್ತಾಗುವುದಿಲ್ಲ. ಅಂಥ ಭಯ ಇದ್ದವರು ಅಡಿಕೆ ಅಂಗಳದ ಬಾಯಿಗೆ ಎರಡು ಗೆರೆಯ ಬೆಳಕಿನ ಯಂತ್ರ ಸೇರಿಸಿಕೊಳ್ಳಬಹುದು.

ಎರಡು ಎಚ್ಚರಿಕೆ. ಉದ್ದದ ತಂತಿ ಸಿಡಿಲನ್ನು ಮನೆಗೆ ಕರೆಯುವ ದಾರಿ. ಮಳೆ ಹಿಡಿಯುವ ಮೊದಲಿನ ಏಪ್ರಿಲ್-ಮೇಯಲ್ಲೂ ಅಕ್ಟೋಬರಿನಲ್ಲೂ ಗುಡುಗು ಕೇಳುವ ಮೊದಲೇ ತಂತಿ ಕಳಚಿಡಿ. ತಂತಿಯನ್ನು ನೀರಾವರಿಯ ಹಳೆ ಪೈಪಿನೊಳಗೆ ತೂರಿಸಿ ಒಂದಡಿ ಆಳದಲ್ಲಿ ಹೂಳಿದರೆ ಹಾರೆ, ಕತ್ತಿಯಿಂದ ಉಳಿದೀತು, ಆದರೆ ಸಿಡಿಲಿನಿಂದಲ್ಲ. ಇನ್ನೊಂದು, ಬೇಲಿಗೆ ಮನೆಯ ಕರೆಂಟು ನೇರವಾಗಿ ಕೊಡುವ ಯೋಚನೆ ಕನಸಿನಲ್ಲೂ ಬೇಡ. ಅದು ಅಪರಾಧ. ಅದಕ್ಕೆ ಸಿಕ್ಕಿ ಸಾಯುವವರು ಕಳ್ಳರಿಗಿಂತ ಹೆಚ್ಚಾಗಿ ನಮ್ಮವರೇ, ನಮ್ಮ ದನಗಳೇ.

ಇದು ನನ್ನ ಅಭಿಪ್ರಾಯ. ಬೆಳಕಿನ ಗೆರೆಯ ಯಂತ್ರವನ್ನು ಎರಡು ಮಳೆಗಾಲ ದಾಟಿಸಿದವರು ಇದ್ದರೆ ದಯವಿಟ್ಟು ಬರೆಯಿರಿ. ಸುಳ್ಳು ಗಂಟೆಯ ಲೆಕ್ಕವನ್ನೂ ಸೇರಿಸಿ ಬರೆಯಿರಿ. ಕೊಳ್ಳಲು ಹೊರಟವರಿಗೆ ಬೇಕಾದ್ದು ಅದೇ.