ಮಕ್ಕಳೇ ತಾಯಂದಿರಾದರೆ ಹೊಣೆ ಯಾರದು?

2025ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರದ ಸರಕಾರಿ ವಸತಿ ಶಾಲೆಯೊಂದರ ಶೌಚಾಲಯದಲ್ಲಿ 9ನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮಗುವಿಗೆ ಜನ್ಮ ನೀಡಿದಳು. ಅದಕ್ಕಿಂತ ಒಂದೂವರೆ ವರ್ಷ ಮೊದಲು, 2024ರ ಜನವರಿಯಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸರಕಾರಿ ಹಾಸ್ಟೆಲ್‌ನಲ್ಲಿದ್ದ 9ನೇ ತರಗತಿಯ ಇನ್ನೋರ್ವ ಬಾಲಕಿ ತಾಯಿಯಾಗಿದ್ದಳು. ಎರಡೂ ಸಂದರ್ಭಗಳಲ್ಲಿ ಪ್ರಕರಣ ದಾಖಲಾಯಿತು, ಸಿಬ್ಬಂದಿಯ ಅಮಾನತಾಯಿತು, ನಾಲ್ಕು ದಿನ ಚರ್ಚೆಯಾಯಿತು. ಆ ಬಳಿಕ ಎಲ್ಲರೂ ಮರೆತರು. ಒಂಬತ್ತು ತಿಂಗಳ ಕಾಲ ಓರ್ವ ಬಾಲಕಿ ತನ್ನೊಳಗೆ ಇನ್ನೊಂದು ಜೀವವನ್ನು ಹೊತ್ತು ತರಗತಿಗೆ ಬರುತ್ತಿದ್ದಾಗ ಆಕೆಯ ಮುಖವನ್ನು ಸರಿಯಾಗಿ ನೋಡಿದ ಹಿರಿಯರು ಒಬ್ಬರೂ ಇರಲಿಲ್ಲವೇ? ಆಕೆಗೆ ಭಯವನ್ನು ಹೇಳಿಕೊಳ್ಳಲು ಒಂದು ಮಡಿಲೂ ಇರಲಿಲ್ಲವೇ? ಅಮಾನತಿನ ಆದೇಶದಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿಲ್ಲ.

ಅಷ್ಟಕ್ಕೂ, ಸುದ್ದಿಯಾಗುವುದು ಇಂಥ ಪ್ರಕರಣಗಳು ಮಾತ್ರ. ನಮ್ಮ ದೇಶದಲ್ಲಿ ಹದಿಹರೆಯದಲ್ಲೇ ತಾಯಿಯಾಗುವವರ ಪೈಕಿ ಹೆಚ್ಚಿನವರು ವಿವಾಹಿತೆಯರು. ಅವರ ಬಗ್ಗೆ ಯಾರೂ ಆಘಾತಗೊಳ್ಳುವುದಿಲ್ಲ. ಬದಲಾಗಿ ಸೀಮಂತ ನಡೆಯುತ್ತದೆ, ಸಿಹಿ ಹಂಚಲಾಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 21.3 ಮಂದಿಯ ವಿವಾಹ 18 ತುಂಬುವ ಮೊದಲೇ ನಡೆದಿತ್ತು. ಅಂದರೆ ಐವರಲ್ಲಿ ಒಬ್ಬಳಿಗೆ! 15ರಿಂದ 19 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ದೇಶದಾದ್ಯಂತ ಶೇ. 6.8 ಮಂದಿ ಆ ವೇಳೆಗಾಗಲೇ ತಾಯಂದಿರಾಗಿದ್ದರು ಅಥವಾ ಗರ್ಭಿಣಿಯರಾಗಿದ್ದರು. ಮುಸ್ಲಿಮರಲ್ಲಿ ಈ ಪ್ರಮಾಣ ಸುಮಾರು ಶೇ. 8. ವ್ಯತ್ಯಾಸ ದೊಡ್ಡದಲ್ಲದಿರಬಹುದು. ಆದರೆ ಜ್ಞಾನಾರ್ಜನೆಯನ್ನು ಧಾರ್ಮಿಕ ಕರ್ತವ್ಯವೆಂದು ಸಾರುವ ಸಮುದಾಯವೊಂದು ಸರಾಸರಿಗಿಂತ ಹಿಂದಿದೆಯೆಂಬುದು ನಮ್ಮನ್ನು ಚುಚ್ಚಲೇಬೇಕಾದ ಸತ್ಯ.

ವಿವಾಹಿತೆ ಎಂಬ ಕಾರಣಕ್ಕೆ ಹದಿನಾರರ ಶರೀರ ಇಪ್ಪತ್ತೈದರ ಶರೀರವಾಗಿ ಬಿಡುವುದಿಲ್ಲ. ನಿಕಾಹ್‌ನ ದಫ್ತರದಲ್ಲಿ ಹೆಸರಿದ್ದರೂ ಇಲ್ಲದಿದ್ದರೂ ಹೆರಿಗೆಯ ಅಪಾಯ ಒಂದೇ. ಹದಿಹರೆಯದ ತಾಯಂದಿರಲ್ಲಿ ರಕ್ತದೊತ್ತಡ ಏರಿ ಅಪಸ್ಮಾರ ಬರುವ ಮತ್ತು ಹೆರಿಗೆಯ ನಂತರ ಸೋಂಕು ತಗಲುವ ಸಾಧ್ಯತೆ ಇಪ್ಪತ್ತು ದಾಟಿದವರಿಗಿಂತ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಅವರ ಶಿಶುಗಳು ಅವಧಿಗೆ ಮುನ್ನ, ಕಡಿಮೆ ತೂಕದೊಂದಿಗೆ ಹುಟ್ಟುವ ಸಂಭವವೂ ಅಧಿಕ. ಮೊದಲೇ ನಮ್ಮ ದೇಶದಲ್ಲಿ 15ರಿಂದ 19ರ ಹರೆಯದ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆಂದು ಅದೇ ಸಮೀಕ್ಷೆ ಹೇಳಿದೆ. ತನಗೇ ಸಾಲದಷ್ಟು ರಕ್ತವಿರುವ ಬಾಲಕಿಯಲ್ಲಿ ಇನ್ನೊಂದು ಜೀವವನ್ನು ಪೋಷಿಸೆಂದು ಹೇಳುವುದು ಯಾವ ನ್ಯಾಯ?

"ಹರೆಯಕ್ಕೆ ಬಂದ ಹುಡುಗಿ, ಎಷ್ಟು ದಿನ ಮನೆಯಲ್ಲಿ ಇಟ್ಟುಕೊಳ್ಳುವುದು" ಎಂದು ತಂದೆ-ತಾಯಿ ಕೇಳುತ್ತಾರೆ. ಧರ್ಮ ಅನುಮತಿಸಿದೆಯಲ್ಲ ಎಂದು ಕೆಲವರು ಸೇರಿಸುತ್ತಾರೆ. ಆದರೆ ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 6ನೇ ಸೂಕ್ತದಲ್ಲಿ ಅನಾಥರ ಕುರಿತು ಹೇಳುವಾಗ ವಿವಾಹದ ಪ್ರಾಯದ ಜೊತೆಗೇ ವಿವೇಕದ ಪ್ರೌಢಿಮೆಯನ್ನೂ ಪರೀಕ್ಷಿಸುವಂತೆ ಆದೇಶಿಸಿದೆ. ಒಂದಿಷ್ಟು ಸೊತ್ತನ್ನು ವಹಿಸಿಕೊಡಲಿಕ್ಕೇ ಪ್ರೌಢಿಮೆ ಬೇಕೆಂದಾದರೆ, ಒಂದು ಕುಟುಂಬವನ್ನು, ಒಂದು ಶಿಶುವನ್ನು ವಹಿಸಿಕೊಡಲು ಬೇಡವೇ? ತನ್ನ ಇಷ್ಟಕ್ಕೆ ವಿರುದ್ಧವಾಗಿ ತಂದೆ ವಿವಾಹ ಮಾಡಿಸಿದರೆಂದು ಖನ್ಸಾ ಬಿಂತ್ ಖಿದಾಮ್(ರ) ದೂರಿಕೊಂಡಾಗ ಪ್ರವಾದಿ(ಸ)ರು ಆ ವಿವಾಹವನ್ನೇ ರದ್ದುಪಡಿಸಿದ್ದರು. ಎಸೆಸೆಲ್ಸಿ ಫಲಿತಾಂಶ ಬರುವ ಮೊದಲೇ ನಿಶ್ಚಿತಾರ್ಥವಾಗುವ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಯ ಸಮ್ಮತಿಯನ್ನು ನಾವು ನಿಜಕ್ಕೂ ಕೇಳಿದ್ದೇವೆ? ಅನುಮತಿಯನ್ನು ಕಡ್ಡಾಯವೆಂಬಂತೆ ಬಿಂಬಿಸುವುದೂ ನಿಜವಾದ ಕಡ್ಡಾಯಗಳನ್ನು ಮರೆಯುವುದೂ ಧರ್ಮಪಾಲನೆಯಲ್ಲ.

ಕಾನೂನಿನ ಬಗ್ಗೆಯೂ ಕುಟುಂಬಗಳಿಗೆ ಸ್ಪಷ್ಟತೆ ಇರಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಈ ರಾಜ್ಯದಲ್ಲಿ ಬಾಲ್ಯವಿವಾಹ ಮೂಲತಃ ಅಸಿಂಧು. ಮಾಡಿಸಿದ ಹೆತ್ತವರು ಮಾತ್ರವಲ್ಲ, ನಡೆಸಿಕೊಟ್ಟ ಧರ್ಮಗುರುಗಳೂ ಅಪರಾಧಿಗಳೇ. 2 ವರ್ಷಗಳ ತನಕದ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿ ತನಕದ ದಂಡ ಅದಕ್ಕಿದೆ. ಪತ್ನಿಯ ವಯಸ್ಸು 18ಕ್ಕಿಂತ ಕಡಿಮೆಯಿದ್ದರೆ ಆಕೆಯೊಂದಿಗಿನ ಲೈಂಗಿಕ ಸಂಪರ್ಕ ಅತ್ಯಾಚಾರವೆಂದು 2017ರ ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿದೆ. ವೈಯಕ್ತಿಕ ಕಾನೂನಿಗಿಂತ ಪೋಕ್ಸೋ ಕಾಯ್ದೆಯೇ ಮೇಲೆಂದು 2022ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಹೇಳಿದೆ. ಆ ಪ್ರಕರಣದಲ್ಲಿ 17ರ ಪತ್ನಿ ಗರ್ಭಿಣಿಯಾಗಿದ್ದಳು, ಪತಿ ಜಾಮೀನು ಕೋರಿ ನ್ಯಾಯಾಲಯದ ಮುಂದಿದ್ದ. ಮಗಳ ಬಾಳನ್ನು ಭದ್ರಗೊಳಿಸಲೆಂದು ಅವಸರಪಡುವ ಹೆತ್ತವರು, ಅಳಿಯ ಜೈಲಿನಲ್ಲಿರುವಾಗ ಹೆರಿಗೆಯಾಗುವ ಮಗಳನ್ನು ಕಲ್ಪಿಸಿಕೊಳ್ಳಲಿ.

ಹಾಗಂತ ಪೊಲೀಸ್ ಠಾಣೆಯೇ ಎಲ್ಲಕ್ಕೂ ಮದ್ದು ಎಂದು ನಾವು ಹೇಳುವುದಿಲ್ಲ. 2023ರ ಫೆಬ್ರವರಿಯಲ್ಲಿ ಅಸ್ಸಾಮ್ ಸರಕಾರ ಬಾಲ್ಯವಿವಾಹದ ಹೆಸರಲ್ಲಿ ಕೆಲವೇ ದಿನಗಳೊಳಗೆ ಸಾವಿರಾರು ಮಂದಿಯನ್ನು ಬಂಧಿಸಿತು. ವರ್ಷಗಳ ಹಿಂದೆ ನಡೆದ ವಿವಾಹಗಳೂ ಅದರಲ್ಲಿದ್ದುವು. ಠಾಣೆಗಳ ಮುಂದೆ ಕಂಕುಳಲ್ಲಿ ಮಗುವಿಟ್ಟುಕೊಂಡ ಹೆಣ್ಣುಮಕ್ಕಳು ಅತ್ತರು. ಗರ್ಭಿಣಿಯರು ಆಸ್ಪತ್ರೆಗೆ ಹೋಗಲು ಹೆದರಿದರೆಂಬ ವರದಿಗಳು ಬಂದುವು. ಇದು ಜನರ ಖಾಸಗಿ ಬದುಕನ್ನೇ ಅಸ್ತವ್ಯಸ್ತಗೊಳಿಸಿದೆಯೆಂದು ಗುವಾಹಟಿ ಹೈಕೋರ್ಟು ಆಕ್ಷೇಪಿಸಿತು. ಆಗಿಹೋದ ಮದುವೆಯನ್ನು ಬಂಧನದಿಂದ ತಡೆಯಲಾಗದು. ತಡೆಯುವುದು ಶಾಲೆ. ಏನೂ ಕಲಿಯದ 15-19ರ ಹೆಣ್ಣುಮಕ್ಕಳಲ್ಲಿ ಶೇ. 18 ಮಂದಿ ತಾಯ್ತನದ ಹಾದಿಯಲ್ಲಿದ್ದರೆ, 12 ವರ್ಷ ಕಲಿತವರಲ್ಲಿ ಆ ಪ್ರಮಾಣ ಶೇ. 4 ಮಾತ್ರ. ಇಷ್ಟು ಸರಳ ಲೆಕ್ಕ ನಮ್ಮನ್ನಾಳುವವರಿಗೆ ತಿಳಿಯದೇ? 2022ರಲ್ಲಿ ಸಮವಸ್ತ್ರದ ಹೆಸರಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದವರು, ಕಲಿಕೆ ನಿಲ್ಲಿಸಿದ ಹುಡುಗಿಯ ಮುಂದೆ ಉಳಿಯುವ ದಾರಿ ಯಾವುದೆಂದು ಒಂದು ಕ್ಷಣವಾದರೂ ಯೋಚಿಸಿದ್ದರೇ? ಹೆಣ್ಣುಮಕ್ಕಳನ್ನು ಬಾಲ್ಯವಿವಾಹದಿಂದ ರಕ್ಷಿಸುತ್ತೇವೆ ಎನ್ನುವವರು ಅವರಿಗೆ ತರಗತಿಯ ಬಾಗಿಲನ್ನು ಮುಚ್ಚುವಂತಿಲ್ಲ.

ಇನ್ನು, ತಾಯಿಯಾಗಿಯೇ ಬಿಟ್ಟ ಬಾಲಕಿಯ ಪ್ರಶ್ನೆ. ನಮ್ಮ ನಿಜವಾದ ಪರೀಕ್ಷೆ ಇಲ್ಲಿದೆ. ವಿವಾಹದ ಹೊರಗೆ ಬಾಲಕಿಯೊಬ್ಬಳು ಗರ್ಭಿಣಿಯೆಂದು ತಿಳಿದೊಡನೆ ಮನೆಯಲ್ಲಿ ಮೊದಲು ನಡೆಯುವುದು ಹೊಡೆತ, ಎರಡನೆಯದು ಮುಚ್ಚಿಡುವಿಕೆ, ಮೂರನೆಯದು ಕಾರಣನಾದವನಿಗೇ ಆಕೆಯನ್ನು ಕಟ್ಟಿಬಿಡುವ ಪಂಚಾಯತಿ. ಮಾನ ಉಳಿಯಿತೆಂದು ಹಿರಿಯರು ಸಮಾಧಾನಪಡುತ್ತಾರೆ. ಉಳಿದದ್ದು ಯಾರ ಮಾನ? ದೌರ್ಜನ್ಯಕ್ಕೊಳಗಾದವಳನ್ನು ದೌರ್ಜನ್ಯವೆಸಗಿದವನ ಮನೆಗೇ ಜೀವಿತಾವಧಿಗೆ ಕಳುಹಿಸುವುದನ್ನು ಇತ್ಯರ್ಥ ಎನ್ನಲಾಗದು. 18 ತುಂಬದವಳ ಸಮ್ಮತಿಗೆ ಕಾನೂನಿನಲ್ಲಿ ಬೆಲೆಯಿಲ್ಲದ್ದರಿಂದ ಅದು ಪ್ರಕರಣದಿಂದ ಪಾರಾಗುವ ದಾರಿಯೂ ಅಲ್ಲ.

ಹಾಗಿದ್ದರೆ ಮಾಡಬೇಕಾದುದೇನು? ಮೊದಲು ವೈದ್ಯರು, ಆಮೇಲೆ ಉಳಿದದ್ದು. ಗುಟ್ಟಾಗಿ ನಾಟಿ ಮದ್ದಿಗೆ, ಅಂಗಡಿಯ ಮಾತ್ರೆಗೆ ಮೊರೆ ಹೋಗುವುದೆಂದರೆ ಮಗಳ ಪ್ರಾಣವನ್ನು ಪಣಕ್ಕಿಡುವುದು. ಮುಂದೇನೆಂಬ ನಿರ್ಧಾರವನ್ನು ವೈದ್ಯರ ಸಲಹೆಯಂತೆ, ಕಾನೂನಿನ ಚೌಕಟ್ಟಿನಲ್ಲಿ ಕೈಗೊಳ್ಳಬೇಕು. 1098 ಮಕ್ಕಳ ಸಹಾಯವಾಣಿಗೆ ಹಗಲಿರುಳು ಕರೆ ಮಾಡಬಹುದು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಆಕೆಗೆ ಆಶ್ರಯ, ಆಪ್ತಸಲಹೆ ಒದಗಿಸಬೇಕು. ಪೋಕ್ಸೋ ಪ್ರಕರಣಗಳಲ್ಲಿ ಗರ್ಭಿಣಿಯರಾದ ಬಾಲಕಿಯರ ಆರೈಕೆ ಹಾಗೂ ಶಿಕ್ಷಣಕ್ಕಾಗಿ ಕೇಂದ್ರ ಸರಕಾರ 2023ರಲ್ಲಿ ನಿರ್ಭಯಾ ನಿಧಿಯಡಿ ಯೋಜನೆಯೊಂದನ್ನು ರೂಪಿಸಿದೆ. ಅದು ಕಡತದಲ್ಲೇ ಉಳಿಯದಂತೆ ನೋಡಿಕೊಳ್ಳಬೇಕಾದ ಹೊಣೆ ಜಿಲ್ಲಾಡಳಿತದ್ದು. ಶಿಶುವನ್ನು ಸಾಕಲು ಸಾಧ್ಯವೇ ಇಲ್ಲವೆಂದಾದರೆ ಮಕ್ಕಳ ಕಲ್ಯಾಣ ಸಮಿತಿಗೆ ಕಾನೂನುಬದ್ಧವಾಗಿ ಒಪ್ಪಿಸಲು ಅವಕಾಶವಿದೆ. ಆ ನಿರ್ಧಾರವನ್ನು ಮರುಪರಿಶೀಲಿಸಲು ಎರಡು ತಿಂಗಳ ಕಾಲಾವಕಾಶವೂ ಇದೆ. ಹೀಗಿರುತ್ತಾ ಪೊದೆಯ ಮರೆಯಲ್ಲಿ, ಕಸದ ತೊಟ್ಟಿಯಲ್ಲಿ ಹಸುಗೂಸು ಸಿಗುವುದೇಕೆ? ಭಯವಲ್ಲದೆ ಬೇರಾವ ಕಾರಣವೂ ಇಲ್ಲ. ಹೆಣ್ಣುಶಿಶುಗಳನ್ನು ಜೀವಂತ ಹೂಳುತ್ತಿದ್ದ ಸಮಾಜವನ್ನು ತಿದ್ದಿದ ಗ್ರಂಥದ ಅನುಯಾಯಿಗಳು ಈ ಭಯದ ಪಾಲುದಾರರಾಗಬಾರದು. ಒಬ್ಬರ ಪಾಪದ ಭಾರವನ್ನು ಇನ್ನೊಬ್ಬರು ಹೊರಬೇಕಾಗಿಲ್ಲ ಎಂದಾದಮೇಲೆ ಆ ಶಿಶುವಿಗೆ ಯಾವ ಕಳಂಕ?

ಅಂದಹಾಗೆ, ಬಾಣಂತನ ಮುಗಿದೊಡನೆ ಆಕೆಯ ಬದುಕೂ ಮುಗಿಯಿತೆಂದು ನಿರ್ಧರಿಸುವುದು ಇನ್ನೊಂದು ಕ್ರೌರ್ಯ. ಅವಳು ಮರಳಿ ಶಾಲೆಗೆ ಹೋಗಬೇಕು. ಹಳೆಯ ಶಾಲೆಗೆ ಹೋಗಲಾರಳೆಂದಾದರೆ ಬೇರೆ ಊರಿನಲ್ಲಿ, ಅದೂ ಆಗದಿದ್ದರೆ ಮುಕ್ತ ಶಾಲೆಯ ಮೂಲಕ ಪರೀಕ್ಷೆ ಬರೆಯಲಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಯೊಬ್ಬಳ ಎರಡು ಕೈಗಳು ಓರ್ವ ಬಾಲಕಿಗೆ ಎರಡನೇ ಬದುಕನ್ನು ನೀಡಬಲ್ಲವು.

ನಮ್ಮ ಜಮಾಅತ್‌ಗಳಿಗೂ ಮಾಡಲು ಕೆಲಸವಿದೆ. ವಧುವಿನ ಜನನ ಪ್ರಮಾಣಪತ್ರ ನೋಡದೆ ನಿಕಾಹ್ ನಡೆಸಿಕೊಡುವುದಿಲ್ಲವೆಂದು ಪ್ರತಿ ಮಸೀದಿಯೂ ತೀರ್ಮಾನಿಸಲಿ. ಎಸೆಸೆಲ್ಸಿಯ ಬಳಿಕ ಕಾಲೇಜಿಗೆ ಸೇರದ ಹೆಣ್ಣುಮಕ್ಕಳ ಪಟ್ಟಿ ಪ್ರತಿ ಮೊಹಲ್ಲಾದಲ್ಲೂ ತಯಾರಾಗಲಿ, ಶುಲ್ಕಕ್ಕೂ ಬಸ್ಸಿಗೂ ದಾನಿಗಳು ಮುಂದೆ ಬರಲಿ. ಮದುವೆಯ ಊಟಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಬಲ್ಲ ನಮ್ಮಿಂದ ಇದು ಅಸಾಧ್ಯವೇ? ಖತೀಬರು ಜುಮಾ ಪ್ರವಚನದಲ್ಲಿ ಹುಡುಗಿಯರ ಉಡುಪಿನ ಬಗ್ಗೆ ಹೇಳಿದಷ್ಟೇ ಗಟ್ಟಿಯಾಗಿ ಹುಡುಗರ ದೃಷ್ಟಿಯ ಬಗ್ಗೆ, ಹೊಣೆಗಾರಿಕೆಯ ಬಗ್ಗೆ ಹೇಳಲಿ. ದೃಷ್ಟಿಯನ್ನು ತಗ್ಗಿಸುವ ಆದೇಶ ಕುರ್‌ಆನ್‌ನಲ್ಲಿ ಮೊದಲು ಬಂದಿರುವುದು ಪುರುಷರಿಗೆ.

ಎಲ್ಲಕ್ಕಿಂತ ಮುಖ್ಯವಾಗಿ, ಮನೆಯೊಳಗೆ ಮಾತು ಬೇಕು. ಶರೀರದ ಬದಲಾವಣೆಯ ಬಗ್ಗೆ, ಯಾರ ಸ್ಪರ್ಶವನ್ನು ತಡೆಯಬೇಕೆಂಬ ಬಗ್ಗೆ ತಾಯಿ ಮಗಳೊಂದಿಗೂ ತಂದೆ ಮಗನೊಂದಿಗೂ ಮಾತಾಡದಿದ್ದರೆ ಮೊಬೈಲ್ ಮಾತಾಡುತ್ತದೆ. ಅದು ಕಲಿಸುವ ಪಾಠ ಯಾವುದೆಂದು ನಮಗೆ ಗೊತ್ತಿದೆ. ಇದನ್ನೆಲ್ಲ ಮಾತಾಡುವುದು ಲಜ್ಜೆಗೆ ವಿರುದ್ಧವೆನ್ನುವವರು, ಶುದ್ಧಿಯ ಸೂಕ್ಷ್ಮ ಪ್ರಶ್ನೆಗಳನ್ನು ಅನ್ಸಾರಿ ಮಹಿಳೆಯರು ಪ್ರವಾದಿ(ಸ)ರಲ್ಲೇ ಕೇಳುತ್ತಿದ್ದರು ಎಂಬುದನ್ನು ನೆನಪಿಸಿಕೊಳ್ಳಲಿ. "ಏನೇ ಆದರೂ ಮೊದಲು ನನ್ನ ಬಳಿ ಬಾ, ನಾನು ಹೊಡೆಯುವುದಿಲ್ಲ" ಎಂಬ ಒಂದು ಮಾತನ್ನು ಪ್ರತಿ ತಾಯಿಯೂ ಮಗಳಿಗೆ ಇವತ್ತೇ ಹೇಳಿಬಿಡಲಿ. ಆ ಮಾತು ಕಿವಿಯಲ್ಲಿರುವ ಬಾಲಕಿ ಶೌಚಾಲಯದ ಕತ್ತಲೆಯಲ್ಲಿ ಒಬ್ಬಳೇ ನರಳುವ ಸ್ಥಿತಿ ಬರಲಾರದು.